ಗ್ಯಾರೇಜಿನ ಚಿಕ್ಕಮ್ಮ

ನನ್ನ ಅಕ್ಕ ಸಿದ್ದಮ್ಮ ಹುಟ್ಟಿದ್ದು ಮಳವಳ್ಳಿ ಕಡೆಯ ಒಂದು ಹೊಲಗೇರಿಯಲ್ಲಿ. ಸತ್ತದ್ದು ಅಮೆರಿಕದಲ್ಲಿ, ಬ್ರಾಹ್ಮಣರ ಚಿಕ್ಕಮ್ಮನಾಗಿ. ನಡುವೆ ಅವಳು ಜಾತಿ ಬಿಟ್ಟಿರಲಿಲ್ಲ, ಜಾತಿಯೂ ಅವಳನ್ನು ಬಿಟ್ಟಿರಲಿಲ್ಲ. ವೀಸಾ ಮಾತ್ರ ಮಾಡಿಸಿದ್ದರು.

ಬೆಂಗಳೂರಿನಲ್ಲಿ ಅವಳು ಚಕ್ರಪಾಣಿಯ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದಳು. ನಾನು ವೆಂಕಟೇಶನ ಮಾವನ ಮನೆಯಲ್ಲಿದ್ದೆ. ಚಕ್ರಪಾಣಿ, ವೆಂಕಟೇಶ ಇಬ್ಬರೂ ಸಿಯಾಟಲ್ಲಿನ ಒಂದೇ ಕಂಪನಿಯಲ್ಲಿ ಸಾಫ್ಟ್‌ವೇರಿನವರು. ಇಬ್ಬರಿಗೂ ಮಕ್ಕಳಾದವು, ಆಳು ಬೇಕಾಯಿತು. ಅಮೆರಿಕದವರು ಆಳುಗಳಿಗೆ ಸುಲಭದಲ್ಲಿ ವೀಸಾ ಕೊಡುವುದಿಲ್ಲ, ನೆಂಟರಿಗೆ ಕೊಡುತ್ತಾರೆ. ಹಾಗಾಗಿ ಅಕ್ಕ ಚಕ್ರಪಾಣಿಗೆ ಚಿಕ್ಕಮ್ಮನಾದಳು. ನಾನು ವೆಂಕಟೇಶನಿಗೆ ಸೋದರತ್ತೆಯಾದೆ. ಒಂದೇ ತಾಯ ಹಾಲು ಕುಡಿದ ನಾವಿಬ್ಬರು ಕಾಗದದ ಮೇಲೆ ಒಬ್ಬರಿಗೊಬ್ಬರು ಏನೂ ಆಗಲಿಲ್ಲ.

ಅವರ ಮನೆಯಲ್ಲಿದ್ದಾಗ ಅವರನ್ನೆಲ್ಲ ಸಾರ್, ಮೇಡಂ ಅನ್ನುತ್ತಿದ್ದೆ. ಈ ಕಥೆಯಲ್ಲಿ ಅನ್ನುವುದಿಲ್ಲ.

ಸಿಯಾಟಲ್ಲಿನ ಪಕ್ಕದ ಈಸ್ಟ್‌ಗೇಟಿನಲ್ಲಿದ್ದ ಚಕ್ರಪಾಣಿಯ ಮನೆ ದೊಡ್ಡದು. ಅಷ್ಟೂ ಬಚ್ಚಲುಗಳನ್ನು ಅಕ್ಕ ಮಂಡಿಯೂರಿ ಉಜ್ಜುತ್ತಿದ್ದಳು. ಬಿಳಿ ನೆಲಕ್ಕೆ ಹಾಕುವ ಬ್ಲೀಚಿನಿಂದ ಅವಳ ಬೆರಳ ಸಂದುಗಳು ಬಿರಿದಿದ್ದವು. ಅದೇ ಬೆರಳಲ್ಲಿ ಅನ್ನಕ್ಕಿಡುತ್ತಿದ್ದಳು, ಹುಳಿ ಮಾಡುತ್ತಿದ್ದಳು, ಮಗುವಿಗೆ ಉಣ್ಣಿಸುತ್ತಿದ್ದಳು. ಬೆಂಗಳೂರಿನಲ್ಲಿ ಅಡುಗೆಮನೆಯ ಹೊಸ್ತಿಲು ದಾಟಲು ಬಿಡದವರು ಇಲ್ಲಿ ಅವಳ ಕೈಯ ಅಡುಗೆಯನ್ನು ಚಪ್ಪರಿಸಿ ತಿಂದರು. ಅಮೆರಿಕದಲ್ಲಿ ಯಾರು ನೋಡುತ್ತಾರೆ ಅಂತ ಚಕ್ರಪಾಣಿಯ ಹೆಂಡತಿ ವಸಂತಲಕ್ಷ್ಮಿ ಅನ್ನುತ್ತಿದ್ದಳಂತೆ. ವರ್ಷಕ್ಕೊಂದು ದಿನ ನೋಡುವವರು ಬರುತ್ತಾರೆ. ಅವರು ಸತ್ತವರು.

ಎರಡು ಸಾವಿರದ ಆರನೇ ಇಸವಿಯ ಡಿಸೆಂಬರಿನಲ್ಲಿ ಬಿರುಗಾಳಿ ಬೀಸಿತು. ಮರಗಳು ಕರೆಂಟಿನ ತಂತಿಗಳ ಮೇಲೆ ಬಿದ್ದವು. ಊರಿಗೆ ಊರೇ ಕತ್ತಲಾಯಿತು. ಅಮೆರಿಕದ ಮನೆಯಲ್ಲಿ ಕರೆಂಟು ಹೋದರೆ ಒಲೆಯೂ ಹೋಗುತ್ತದೆ, ಬಿಸಿಯೂ ಹೋಗುತ್ತದೆ. ಆ ಶನಿವಾರವೇ ಚಕ್ರಪಾಣಿಯ ತಂದೆಯ ತಿಥಿ.

ಹಿಂದಿನ ದಿನ ಅಕ್ಕ ಗೋಡೆಯ ಫೋನಿನಿಂದ ನನಗೆ ಮಾತಾಡಿದಳು. ನಗುತ್ತಿದ್ದಳು. ತಿಥಿ ಮುಗಿಯುವವರೆಗೆ ಅವಳು ಮನೆಯೊಳಗೆ ಇರಬಾರದಂತೆ. ಹೊರಗೆ ನಿಲ್ಲಿಸಿದ ಕಾರಿನಲ್ಲಿ ಕೂರಬೇಕಂತೆ.

"ಕಾರಲ್ ಕೂರುಸ್ತರಂತೆ ಕಣೆ ಜವರಿ. ಎಲ್ಗೂ ಹೋಗಕಿಲ್ಲ, ಸುಮ್ನೆ ಕೂರಾದು. ಊಟ ಅಲ್ಗೇ ತಂದ್ಕೊಡ್ತರಂತೆ," ಅಂದಳು.

ನಾನೂ ನಕ್ಕೆ. ಅದೇ ಅವಳ ಕೊನೆಯ ಮಾತು ನನ್ನ ಜೊತೆ.

ಆಮೇಲಿನದು ನನಗೆ ಅವರಿವರ ಬಾಯಿಂದ ಗೊತ್ತಾಯಿತು. ಒಲೆ ಇಲ್ಲವಲ್ಲ, ಬೇಸಿಗೆಯಲ್ಲಿ ಆಫೀಸಿನವರನ್ನು ಕರೆದಾಗ ಕೋಳಿ ಸುಡುವ ಇದ್ದಿಲ ಒಲೆಯೊಂದು ಅವರ ಮನೆಯಲ್ಲಿತ್ತು. ಕೋಳಿ ಸುಡುವುದು ಆಫೀಸಿನ ಬಿಳಿಯರಿಗೆ, ತಮಗೆ ಜೋಳ. ಆ ಒಲೆಯನ್ನು ಅಕ್ಕನ ಕೈಲೇ ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ಮೇಲೆ ವಸಂತಲಕ್ಷ್ಮಿ ಬಾಟಲಿಯಿಂದ ಗೋಮೂತ್ರ ಚಿಮುಕಿಸಿದಳು. ಒಲೆ ಮಡಿಯಾಯಿತು. ಕೋಳಿ ಸುಟ್ಟ ಕಬ್ಬಿಣ ಹುಣಸೆಹಣ್ಣಿಗೆ ಶುದ್ಧವಾಗುತ್ತದೆ. ಅದನ್ನು ತಿಕ್ಕಿದ ಹೆಂಗಸಿಗೆ ಯಾವ ಹಣ್ಣೂ ಇಲ್ಲ. ಅವಳು ಕಾರಿಗೆ ಹೋದಳು.

ಹೊರಗೆ ಗಾಳಿಮಳೆ. ಹಾಗಾಗಿ ಒಲೆಯನ್ನು ಗ್ಯಾರೇಜಿನಲ್ಲಿಟ್ಟು, ಶಟರು ಎತ್ತಿಕೊಂಡು ಅಡುಗೆ ಮಾಡಿದರು. ಕೆನ್ಮೋರ್ ಅನ್ನುವ ಊರಿನಿಂದ ಪುರೋಹಿತ ನಾಣಿ ಬಂದ. ವಾರವೆಲ್ಲ ಕಂಪ್ಯೂಟರು, ಶನಿವಾರ ಭಾನುವಾರ ಮಂತ್ರ. ವಡೆಯೂ ಆಯಿತು, ಪಿಂಡವೂ ಆಯಿತು. ಅಕ್ಕ ಕಾರಿನ ಗಾಜಿನಿಂದ ಎಲ್ಲವನ್ನೂ ನೋಡುತ್ತ ಕೂತಿದ್ದಳಂತೆ. ಕತ್ತಲಾದ ಮೇಲೆ ಒಳಗೆ ಕರೆಯಬಹುದಿತ್ತು. ಆದರೆ ನಾಣಿ ಹೇಳಿದನಂತೆ, ಮರುದಿನ ಬೆಳಗಿನ ತರ್ಪಣ ಬಿಡುವವರೆಗೆ ಪಿತೃಗಳು ಮನೆಯಲ್ಲೇ ಇರುತ್ತಾರೆ ಅಂತ. ಪಿತೃಗಳಿಗೆ ಒಳಗೆ ಜಾಗ, ಅಕ್ಕನಿಗೆ ಗ್ಯಾರೇಜು. ವಸಂತಲಕ್ಷ್ಮಿಗೆ ಕರುಣೆ ಬಂತು. ಒಲೆಯಲ್ಲಿ ಇನ್ನೂ ಕೆಂಡ ಇತ್ತು. ಇರಲಿ, ಬೆಚ್ಚಗಿರುತ್ತದೆ ಅಂತ ಮತ್ತಷ್ಟು ಇದ್ದಿಲು ಸುರಿದು, ಶಟರು ಎಳೆದು, ಒಂದು ಕಂಬಳಿ ಕೊಟ್ಟು ಹೋದಳು.

ಬೆಳಿಗ್ಗೆ ಮನೆಯವರಿಗೆಲ್ಲ ತಲೆನೋವು. ರಾತ್ರಿಯ ಉಪವಾಸದ್ದು ಅಂದುಕೊಂಡು ತರ್ಪಣ ಬಿಟ್ಟರು. ಆಮೇಲೆ ಅಕ್ಕನನ್ನು ಎಬ್ಬಿಸಲು ಹೋದರು.

ವೆಂಕಟೇಶ ನನ್ನನ್ನು ಲಿನ್‌ವುಡ್ಡಿನ ತನ್ನ ಮನೆಯಿಂದ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಪಾಠ ಹೇಳಿದ. ಸರ್ಕಾರದವರು ಬಂದಿದ್ದಾರೆ, ನೀನು ನನ್ನ ಸೋದರತ್ತೆ, ಅವಳು ಚಕ್ರಪಾಣಿಯ ಚಿಕ್ಕಮ್ಮ, ನಿಮಗಿಬ್ಬರಿಗೂ ಬರೀ ಮುಖಪರಿಚಯ, ತಪ್ಪಿದರೆ ಎಲ್ಲರೂ ಜೈಲು ಅಂದ. ನಾನು ಅಳುತ್ತಲೇ ಇದ್ದೆ. ಅವನಿಗೆ ಗಾಬರಿಯಾಯಿತು.

"ಅಳಬೇಡ ಅನ್ನಲ್ಲ ಜವರಮ್ಮ. ಆದ್ರೆ ಪಕ್ಕದ ಮನೆಯವರು ಹೋದ್ರೆ ಎಷ್ಟು ಅಳ್ತಾರೋ ಅಷ್ಟು ಅಳು. ಜಾಸ್ತಿ ಆದ್ರೆ ಡೌಟ್ ಬರತ್ತೆ."

ಒಡಹುಟ್ಟಿದವಳು ಸತ್ತಾಗ ಪಕ್ಕದ ಮನೆಯ ಅಳತೆಯಲ್ಲಿ ಅಳುವುದು ಹೇಗೆ? ನನಗೆ ಬರಲಿಲ್ಲ. ಗ್ಯಾರೇಜಿಗೆ ಕಾಲಿಟ್ಟವಳೇ ಅಕ್ಕಾ ಅಂತ ಹೆಣದ ಮೇಲೆ ಬಿದ್ದೆ. ಕೌಂಟಿ ಅಂದರೆ ಅಲ್ಲಿಯ ಜಿಲ್ಲೆ, ಅದರ ಕಚೇರಿಯಿಂದ ಬಂದ ಡೆಬ್ರಾ ಅನ್ನುವ ಹೆಂಗಸು ನನ್ನನ್ನು ಮೆಲ್ಲಗೆ ಹಿಡಿದೆತ್ತಿದಳು. ಸತ್ತವರು ಹೇಗೆ ಸತ್ತರು ಅಂತ ಕಂಡುಹಿಡಿದು ಬರೆಯುವುದೇ ಅವಳ ಕೆಲಸ. ನಾನು ಯಾಕೆ ಹಾಗೆ ಬಿದ್ದೆ ಅಂತ ಕೇಳಿದಳು. ನಮ್ಮ ಕಡೆ ಎಲ್ಲರನ್ನೂ ಎಲ್ಲರೂ ಅಕ್ಕ ಅನ್ನುತ್ತಾರೆ ಅಂತ ವೆಂಕಟೇಶ ಇಂಗ್ಲಿಷಿನಲ್ಲಿ ಹೇಳಿದ. ಅವಳು ಬರೆದುಕೊಂಡಳು. ಅಲ್ಲಿ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ವೆಂಕಟೇಶ ಆಮೇಲೆ ನನಗೆ ಕನ್ನಡದಲ್ಲಿ ಹೇಳಿಕೊಟ್ಟ, ನಾನೂ ಹಾಗೇ ಹೇಳಲಿ ಅಂತ.

ಅಕ್ಕನ ಅಂಗೈ, ಉಗುರು, ತುಟಿಯ ಒಳಗೆಲ್ಲ ಕೆಂಪೇರಿತ್ತು. ಡೆಬ್ರಾ ಗ್ಲೌಸು ಹಾಕಿಕೊಂಡು ಒತ್ತಿ ಒತ್ತಿ ನೋಡಿದಳು. ಒಲೆಯ ಇದ್ದಿಲು, ಕಂಬಳಿ, ಮುಚ್ಚಿದ ಶಟರು ಎಲ್ಲದರ ಫೋಟೋ ತೆಗೆದಳು. ಪಕ್ಕದಲ್ಲಿ ನಿಂತ ವಸಂತಲಕ್ಷ್ಮಿ, ನೋಡಿ ಮುಖ ಎಷ್ಟು ಕಳೆಯಾಗಿದೆ, ಪುಣ್ಯಾತ್ಗಿತ್ತಿ, ತಿಥಿಯ ದಿನ ಹೋದಳು ಅಂದಳು. ಬದುಕಿದ್ದಷ್ಟು ದಿನ ಕರಿಸಿದ್ದಿ ಅಂತಿದ್ದ ಬಾಯಿ ಅದು. ಹೊಗೆ ಕುಡಿದು ಕೆಂಪಾದ ಮೇಲೆ ಅವಳಿಗೆ ಅಕ್ಕನಲ್ಲಿ ಕಳೆ ಕಂಡಿತು.

ಡೆಬ್ರಾ ಚಕ್ರಪಾಣಿಯ ಭುಜ ಮುಟ್ಟಿದಳು. ನಿಮ್ಮ ಚಿಕ್ಕಮ್ಮ ಹೋದದ್ದಕ್ಕೆ ದುಃಖವಾಗಿದೆ ಅಂದಳು. ಅವನು ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡ. ಆಮೇಲೆ ಅವಳು, ಇಷ್ಟು ಚಳಿಯಲ್ಲಿ ಚಿಕ್ಕಮ್ಮ ಗ್ಯಾರೇಜಿನಲ್ಲಿ ಯಾಕೆ ಮಲಗಿದ್ದರು ಅಂತ ಕೇಳಿದಳು. ಚಕ್ರಪಾಣಿ ಕರವಸ್ತ್ರವನ್ನು ಕಣ್ಣಿನಿಂದ ತೆಗೆಯಲೇ ಇಲ್ಲ.

ಅವನ ಕಷ್ಟ ಆಗಲೇ ಶುರುವಾಯಿತು. ಆಳು ಅಂದರೆ ವೀಸಾದ ಸುಳ್ಳು ಬಯಲಾಗುತ್ತದೆ. ಚಿಕ್ಕಮ್ಮ ಅಂದರೆ ಮುದುಕಿಯನ್ನು ಗ್ಯಾರೇಜಿಗೆ ತಳ್ಳಿದವನಾಗುತ್ತಾನೆ. ಮೊದಲು, ಅವರಿಗೆ ತಣ್ಣನೆಯ ಜಾಗ ಇಷ್ಟ ಅಂದ. ತಣ್ಣನೆ ಇಷ್ಟವಾದರೆ ಇದ್ದಿಲು ಯಾಕೆ ಅಂತ ಅವಳು ಕೇಳಿದಳು. ಆಗ, ಅವರು ಅಲ್ಲಿ ಧ್ಯಾನ ಮಾಡುತ್ತಿದ್ದರು ಅಂದ. ಕೊನೆಗೆ ಚಿಕ್ಕಮ್ಮನೇ ನಮಗೆ ಹೇಳದೆ ಹೋಗಿ, ಚಳಿಗೆ ತಾನೇ ಇದ್ದಿಲು ಹೊತ್ತಿಸಿಕೊಂಡು ಮಲಗಿದ್ದಾರೆ, ಹಳ್ಳಿಯವರು, ತಿಳಿವಳಿಕೆ ಇಲ್ಲ ಅಂದ. ಡೆಬ್ರಾ ಅದನ್ನೂ ಬರೆದುಕೊಂಡಳು. ಹೋಗುವಾಗ ಅವನ ಕೈಗೆ ದುಃಖ ತಡೆದುಕೊಳ್ಳುವುದು ಹೇಗೆ ಅನ್ನುವ ಒಂದು ಪುಸ್ತಿಕೆ ಕೊಟ್ಟಳು.

ಅಕ್ಕನನ್ನು ಚೀಲದಲ್ಲಿ ಹಾಕಿ ಗಾಡಿಗೆ ಏರಿಸಿದರು. ಕೊಯ್ದು ನೋಡುತ್ತಾರೆ ಅಂದರು.

ಚಕ್ರಪಾಣಿ ನಾಣಿಗೆ ಫೋನು ಮಾಡಿದ. ತಾಯಿಯ ತಂಗಿ ನಮ್ಮ ಮನೆಯಲ್ಲೇ ತೀರಿಕೊಂಡರೆ ಮೂರು ದಿನ ಮೈಲಿಗೆ ಅಂದನಂತೆ ನಾಣಿ. ಆದರೆ ಅವಳು ನಿಜವಾದ ಚಿಕ್ಕಮ್ಮ ಅಲ್ಲವಲ್ಲ ಅಂತ ಇವನು ಪಿಸುಗುಟ್ಟಿದ. ಚಿಕ್ಕಮ್ಮ ಅಂತ ಯಾರ್ಯಾರಿಗೆ ಹೇಳಿದ್ದೀಯ ಅಂತ ಅವನು ಕೇಳಿದ. ವೀಸಾದವರಿಗೆ, ಪೊಲೀಸಿಗೆ, ಕೌಂಟಿಗೆ, ಇಡೀ ಕನ್ನಡ ಕೂಟಕ್ಕೆ ಅಂದ ಇವನು. ಹಾಗಾದರೆ ಮೂರು ದಿನ ಹಿಡಿ ಅಂತ ನಾಣಿ ಫೋನಿಟ್ಟ. ಚಕ್ರಪಾಣಿ ಗಡ್ಡ ಬೋಳಿಸದೆ ಒಂದು ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತ. ಹೊಲಗೇರಿಯವಳಿಗೆ ಬ್ರಾಹ್ಮಣನೊಬ್ಬ ಮೈಲಿಗೆ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ನಗಬೇಕು ಅನ್ನಿಸಿತು, ಬಾಯಿ ಬರಲಿಲ್ಲ.

ಕನ್ನಡ ಕೂಟದವರು ಡಬ್ಬಿಗಳಲ್ಲಿ ಬಿಸಿಬೇಳೆ ಭಾತು ತಂದರು. ನಿಮ್ಮ ಚಿಕ್ಕಮ್ಮ ಎಷ್ಟು ಒಳ್ಳೆಯವರು ಅಂದರು. ಯುಗಾದಿಗೆ ಬಂದಾಗ ಎಂಜಲು ತಟ್ಟೆಗಳನ್ನು ಅವಳ ಕೈಗೇ ಕೊಟ್ಟು ಹೋದವರು ಇವರು. ಅವರ ಡಬ್ಬಿಗಳನ್ನೂ ನಾನೇ ತೊಳೆದೆ. ಮೈಲಿಗೆಯ ಮನೆಯಲ್ಲಿ ಕೆಲಸಕ್ಕೆ ಜನ ಬೇಕಲ್ಲ, ಅದಕ್ಕೆ ವೆಂಕಟೇಶ ನನ್ನನ್ನು ಅಲ್ಲೇ ಬಿಟ್ಟುಹೋಗಿದ್ದ. ಅಕ್ಕನ ಬ್ಲೀಚು, ಅಕ್ಕನ ಬ್ರಷ್ಷು, ಅಕ್ಕನ ಬಚ್ಚಲು. ಉಜ್ಜುತ್ತ ಉಜ್ಜುತ್ತ ಚಕ್ರಪಾಣಿ ಹೇಳಿದ ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತು. ತಾನೇ ಹೊತ್ತಿಸಿಕೊಂಡಳಂತೆ. ತಿಳಿವಳಿಕೆ ಇಲ್ಲದವಳಂತೆ. ಅವಳನ್ನು ಆಚೆ ಹಾಕಿದವರ ತಪ್ಪನ್ನು ಹೆಣದ ತಲೆಗೇ ಕಟ್ಟುತ್ತಿದ್ದರು. ನಾಳೆ ಸರ್ಕಾರ ಅದನ್ನೇ ಬರೆದು ಮೊಹರು ಒತ್ತಿದರೆ ಅದೇ ನಿಜವಾಗುತ್ತದೆ. ಹಾಗಾಗಲು ಬಿಡಬಾರದು ಅಂದುಕೊಂಡೆ. ಹೇಗೆ ಅಂತ ಗೊತ್ತಿರಲಿಲ್ಲ.

ಡೆಬ್ರಾಳೇ ಕರೆದಳು. ಮೈಲಿಗೆ ಕಳೆದ ಮೇಲೆ ವೆಂಕಟೇಶನೂ ಸೇರಿ ಎಲ್ಲರೂ ಸಿಯಾಟಲ್ಲಿನ ಅವಳ ಕಚೇರಿಗೆ ಹೋದೆವು. ಗ್ಯಾರೇಜಿನಲ್ಲಿ ಹೆಣದ ಮೇಲೆ ಬಿದ್ದ ಹೆಂಗಸೂ ಬರಬೇಕು ಅಂದಿದ್ದಳಂತೆ.

ಡೆಬ್ರಾ ಬಿಡಿಸಿ ಹೇಳಿದಳು. ಚಕ್ರಪಾಣಿ ಕನ್ನಡದಲ್ಲಿ ನನಗೆ ತಿಳಿಸುತ್ತ ಹೋದ. ರಕ್ತದಲ್ಲಿ ಇದ್ದಿಲ ವಿಷಗಾಳಿ ಸಿಕ್ಕಿದೆ. ಸಾವಿಗೆ ಕಾರಣ ಅದೇ, ಅದರಲ್ಲಿ ಅನುಮಾನ ಇಲ್ಲ. ಇನ್ನು ಸಾವಿನ ಬಗೆ ಗೊತ್ತು ಮಾಡಬೇಕು. ಅದಕ್ಕೆ ಕಾಗದದಲ್ಲಿ ಐದು ಮನೆಗಳಿವೆ. ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ಗೊತ್ತಾಗಿಲ್ಲ. ಅಪಘಾತ ಅಂತಾದರೆ ಹೇಗೆ ಆಯಿತು ಅಂತ ಕೆಳಗೆ ಒಂದು ಸಾಲು ಬರೆಯಬೇಕು. ಡಾಕ್ಟರು ಸಹಿ ಹಾಕುವ ಮುಂಚೆ ಆ ಸಾಲು ಅವಳಿಗೆ ಸರಿಯಾಗಬೇಕು. ಆಮೇಲೆ ಅವಳು ನನ್ನ ಕಡೆ ತಿರುಗಿ, ನಿಮಗೇನು ಗೊತ್ತು ಅಂತ ಕೇಳಿದಳು.

ನಾನು ಉದ್ದಕ್ಕೆ ಹೇಳಿದೆ. ಕಾರು, ತಿಥಿ, ಫೋನು, ಎಲ್ಲ. ಚಕ್ರಪಾಣಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ನಿಲ್ಲಿಸಿದ.

ನಾನು ಎದ್ದು ನಿಂತೆ. ನನಗೆ ಬರುತ್ತಿದ್ದ ಇಂಗ್ಲಿಷು ಮಗು ನೋಡುವ ಟಿವಿಯಿಂದ ಕಲಿತದ್ದು. ಅವನ ಕಡೆ ಬೆರಳು ತೋರಿಸಿ, "ನೋ. ಹಿ ನೋ ಟಾಕ್. ಮೈ ಸಿಸ್ಟರ್," ಅಂದೆ.

ವೆಂಕಟೇಶ ನನ್ನ ಸೆರಗು ಹಿಡಿದು ಕೂರಿಸಲು ನೋಡಿದ. ಬಾಯಿ ಮುಚ್ಚು, ವಾಪಸ್ ಕಳಿಸಿಬಿಡುತ್ತಾರೆ ಅಂದ. ಕಳಿಸಲಿ ಅಂದೆ. ಮಾತು ತರ್ಜುಮೆ ಮಾಡುವವರಿಗೆ ಡೆಬ್ರಾ ಫೋನು ಮಾಡಿದಳು. ಮೊದಲು ಸಿಕ್ಕಿದವಳು ತೆಲುಗಿನವಳು. ಇಂಡಿಯಾ ಒಂದೇ ಅಂದುಕೊಂಡಿದ್ದರೇನೋ. ಅವಳ ಫೋನು ಇಟ್ಟು ಬಹಳ ಹೊತ್ತು ಕಾದ ಮೇಲೆ ಧಾರವಾಡದ ಕಡೆ ಮಾತಿನ ಒಬ್ಬಳು ಸಿಕ್ಕಿದಳು. ಮೇಜಿನ ಮೇಲಿಟ್ಟ ಫೋನಿನೊಳಗಿಂದ, ಹೇಳ್ರಿ ಅಕ್ಕಾರ ಅಂದಳು. ನನಗೆ ಅಳು ಬಂತು. ಆದರೆ ಹೇಳಿದೆ.

ಡೆಬ್ರಾಗೆ ಅರ್ಥವಾಗಲಿಲ್ಲ. ಅವಳು ಕೆಟ್ಟವಳಲ್ಲ, ನಿಜವಾಗಿಯೂ ಅರ್ಥವಾಗಲಿಲ್ಲ. ಮನೆಯೊಳಗೆ ಇದ್ದರೆ ಏನಾಗುತ್ತಿತ್ತು ಅಂತ ಕೇಳಿದಳು. ಸತ್ತವರ ಊಟ ಕೆಡುತ್ತಿತ್ತು ಅಂದೆ. ಸತ್ತವರು ಊಟ ಮಾಡುತ್ತಾರೆಯೇ ಅಂದಳು. ಕಾಗೆ ಮಾಡುತ್ತದೆ ಅಂದೆ. ಫೋನಿನವಳು ಕೆಮ್ಮಿದಳು, ಆಮೇಲೆ ಅದನ್ನೂ ಹೇಳಿದಳು. ಸಿದ್ದಮ್ಮನಿಗೆ ಅಂಟುರೋಗ ಇತ್ತೇ ಅಂತ ಡೆಬ್ರಾ ಕೇಳಿದಳು. ಇಲ್ಲ ಅಂದೆ. ಮಿಕ್ಕ ದಿನ ಅವಳೇ ಇವರಿಗೆ ಅಡುಗೆ ಮಾಡುತ್ತಿದ್ದಳೇ ಅಂತ ಕೇಳಿದಳು. ಹೌದು ಅಂದೆ. ಡೆಬ್ರಾ ಪೆನ್ನಿನಿಂದ ಹಣೆ ಕೆರೆದುಕೊಂಡಳು.

"ಹಂಗಾದ್ರ ಆಕಿ ಏನ್ ಮಾಡಿದ್ಲು ಅಂತ ಕೇಳಾಕತ್ತಾರ್ರಿ," ಅಂದಳು ಫೋನಿನವಳು. "ಹೊರಗ ಹಾಕೂವಂಥಾದ್ದು ಏನ್ ಮಾಡಿದ್ಲು?"

"ಹುಟ್ಟಿದ್ಲು," ಅಂದೆ.

ಫೋನಿನಿಂದ ಇಂಗ್ಲಿಷಿನಲ್ಲಿ ಒಂದು ಮಾತು ಬಂತು. ಡೆಬ್ರಾ ಅದನ್ನು ಇನ್ನೊಂದು ಸಲ ಹೇಳಿಸಿದಳು.

ಆಮೇಲೆ ಅವಳು ಚಕ್ರಪಾಣಿಯ ಕಡೆ ತಿರುಗಿದಳು. ಇದು ನಿಜವೇ, ಸತ್ತವರು ನಿಮ್ಮ ಚಿಕ್ಕಮ್ಮ ಹೌದೋ ಅಲ್ಲವೋ ಅಂದಳು. ಫೋನಿನವಳು ಎಲ್ಲವನ್ನೂ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಹಾಗಾಗಿ ಅವತ್ತು ಚಕ್ರಪಾಣಿ ಹೇಳಿದ ಒಂದು ಮಾತೂ ನನಗೆ ತಪ್ಪಲಿಲ್ಲ.

ಚಿಕ್ಕಮ್ಮನೇ ಅಂದ ಅವನು. ಇನ್ನೇನು ಮಾಡುತ್ತಾನೆ, ಮೂರು ದಿನ ಮೈಲಿಗೆ ಬೇರೆ ಹಿಡಿದಿದ್ದ. ಹಾಗಿದ್ದರೆ ತಿಥಿಯ ದಿನ ಅವರನ್ನು ಆಚೆ ಹಾಕಿದ್ದು ನಿಜವೇ ಅಂದಳು. ಕಾರಿನೊಳಗೆ ಕೂತಿದ್ದ ಮುದುಕಿಯನ್ನು ಎದುರು ಮನೆಯವರು ನೋಡಿದ್ದಾರೆ ಅಂದಳು. ಚಕ್ರಪಾಣಿ ಬೆವರಿದ. ಆಮೇಲೆ ಬೆನ್ನು ನೇರ ಮಾಡಿಕೊಂಡು ಹೇಳಿದ, ಅದು ನಮ್ಮ ಸಂಪ್ರದಾಯ, ತಿಥಿಯ ದಿನ ನಾವು ಚಿಕ್ಕಮ್ಮಂದಿರನ್ನು ಗ್ಯಾರೇಜಿನಲ್ಲಿ ಇರಿಸುತ್ತೇವೆ ಅಂತ.

ಎಲ್ಲ ಚಿಕ್ಕಮ್ಮಂದಿರನ್ನೂ? ಎಲ್ಲರನ್ನೂ. ಎಲ್ಲ ಬ್ರಾಹ್ಮಣರೂ? ನಮ್ಮ ಪಂಗಡದವರು. ಗ್ಯಾರೇಜು ಇಲ್ಲದವರು ಏನು ಮಾಡುತ್ತಾರೆ? ಕಾರಿನಲ್ಲಿ ಇರಿಸುತ್ತಾರೆ. ಕಾರು ಬರುವ ಮುಂಚೆ ಏನು ಮಾಡುತ್ತಿದ್ದರು? ಎತ್ತಿನ ಗಾಡಿ ಅಂದ ಚಕ್ರಪಾಣಿ.

ಡೆಬ್ರಾ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಳು. ಗೌರವದಿಂದಲೇ ಬರೆಯುತ್ತಿದ್ದಳು. ಬೇರೆಯವರ ಆಚಾರವನ್ನು ಹೀಗಳೆಯಬಾರದು ಅಂತ ಅವರಿಗೆ ಹೇಳಿಕೊಟ್ಟಿರುತ್ತಾರೆ ಅಂತ ಕಾಣುತ್ತದೆ. ಇನ್ನೊಂದು ಗಳಿಗೆಯಾಗಿದ್ದರೆ ಚಿಕ್ಕಮ್ಮಂದಿರನ್ನು ಗ್ಯಾರೇಜಿಗೆ ಹಾಕುವ ಪಂಗಡವೊಂದು ಅಮೆರಿಕ ಸರ್ಕಾರದ ದಾಖಲೆಯಲ್ಲಿ ಹುಟ್ಟಿಬಿಡುತ್ತಿತ್ತು. ಆಗ ವಸಂತಲಕ್ಷ್ಮಿ ಮೇಜು ಕುಟ್ಟಿದಳು. ಸಿಟ್ಟಿಗೆ ಅವಳಿಗೆ ಇಂಗ್ಲಿಷು ಮರೆತುಹೋಗಿತ್ತು.

"ರೀ, ಏನ್ ಮಾತಾಡ್ತಿದೀರಾ? ನಮ್ಮ ಮನೆತನದ ಚಿಕ್ಕಮ್ಮಂದಿರನ್ನ ಯಾರ್ರೀ ಗ್ಯಾರೇಜಲ್ಲಿ ಇಟ್ಟಿರೋದು? ನಮ್ಮ ಚಿಕ್ಕಮ್ಮ ಬಂದಾಗ ಮಾಸ್ಟರ್ ಬೆಡ್‌ರೂಮೇ ಬಿಟ್ಟುಕೊಟ್ಟಿದೀನಿ. ಅವಳು ಕೆಲಸದವಳು. ಹೊಲೇರವಳು. ಅದಕ್ಕೇ ಆಚೆ ಹಾಕಿದ್ವಿ. ಮನೆ ಮರ್ಯಾದೆ ಯಾಕ್ ತೆಗೀತೀರಾ?"

ಚಕ್ರಪಾಣಿ ಕಣ್ಣು ಮುಚ್ಚಿಕೊಂಡ. ಫೋನಿನವಳು ಯಾರನ್ನೂ ಕೇಳದೆ ಅಷ್ಟನ್ನೂ ಇಂಗ್ಲಿಷಿಗೆ ಹಾಕಿದಳು. ಡೆಬ್ರಾ ವಸಂತಲಕ್ಷ್ಮಿಯನ್ನೇ ನೋಡುತ್ತ, ಇದ್ದಿಲು ಹಾಕಿದ್ದು ಯಾರು ಅಂತ ಕೇಳಿದಳು. ನಾನೇ, ಪಾಪ ಚಳಿ ಅಂತ ಹಾಕಿದೆ ಅಂದಳು ಅವಳು. ಶಟರು? ಅದೂ ನಾನೇ. ಮರ್ಯಾದೆ ಉಳಿಸಿಕೊಳ್ಳುವ ಭರದಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಅಕ್ಕನಿಗೆ ನ್ಯಾಯ ಸಿಗಲಿ ಅಂತ ಅವಳು ಇದನ್ನು ಹೇಳಲಿಲ್ಲ. ತನ್ನ ಚಿಕ್ಕಮ್ಮನ ಮಾನ ಉಳಿಯಲಿ ಅಂತ ಹೇಳಿದಳು. ಹೇಗೋ ಹೇಳಿದಳಲ್ಲ.

ಆ ಐದು ಮನೆಗಳಲ್ಲಿ ಆಚೆಗೆ ಹಾಕಿ ಸಾಯಿಸುವುದು ಯಾವುದರಲ್ಲಿ ಬರುತ್ತದೆ ಅಂತ ನಾನು ಕೇಳಿದೆ. ಡೆಬ್ರಾ ಕಾಗದದ ಮೇಲೆ ಬೆರಳಾಡಿಸಿ ನೋಡಿದಳು. ಅದಕ್ಕೆ ಮನೆ ಇಲ್ಲ ಅಂದಳು. ಸಾಯಿಸಬೇಕು ಅನ್ನುವ ಮನಸ್ಸು ಇರಲಿಲ್ಲ, ಹಾಗಾಗಿ ಅಪಘಾತ ಅಂತಲೇ ಆಗುತ್ತದೆ, ಡಾಕ್ಟರೂ ಅದನ್ನೇ ಹೇಳುತ್ತಾರೆ ಅಂದಳು. ನನಗೆ ಮೈ ಉರಿಯಿತು. ಸಾವಿರ ವರ್ಷದಿಂದ ನಮ್ಮನ್ನು ಆಚೆ ಹಾಕುತ್ತ ಬಂದಿದ್ದಾರೆ, ದಿನಾ ಆಗುವ ಅಪಘಾತ ಯಾವುದವ್ವ ಅಂದೆ. ಅವಳು ಪೆನ್ನು ಎತ್ತಿಕೊಂಡಳು. ನಾನು ಗೊತ್ತಾದಷ್ಟನ್ನು ಬರೆಯಬಲ್ಲೆ ಅಂದಳು. ಬರೆದಳು. ಬರೆದದ್ದನ್ನು ಫೋನಿನವಳ ಕೈಲಿ ಕನ್ನಡದಲ್ಲಿ ಓದಿಸಿದಳು.

ಸಾವಿನ ಬಗೆ, ಅಪಘಾತ. ಹೇಗೆ ಆಯಿತು: ಮನೆಯೊಳಗೆ ಇರಲು ಬಿಡದೆ ಗ್ಯಾರೇಜಿನಲ್ಲಿ ಮಲಗಿಸಿದ್ದಾಗ, ಮನೆಯವರು ಇಟ್ಟುಹೋದ ಇದ್ದಿಲ ಒಲೆಯ ಗಾಳಿ ಕುಡಿದು. ಹೇಳಿಕೆ ಕೊಟ್ಟವರು, ಜವರಮ್ಮ. ಸತ್ತವರಿಗೆ ಏನಾಗಬೇಕು, ತಂಗಿ.

ಇನ್ನೊಂದು ಸಲ ಓದಿಸಿದೆ. ಸಾಕಾಗಲಿಲ್ಲ, ಆದರೂ ಸುಳ್ಳಲ್ಲ. ವೀಸಾದ ವಿಚಾರ ಬೇರೆ ಇಲಾಖೆಯದು, ಅದನ್ನು ಅವರು ಕೇಳಿಯೇ ಕೇಳುತ್ತಾರೆ ಅಂತ ಡೆಬ್ರಾ ಚಕ್ರಪಾಣಿಗೆ ಹೇಳಿದಳು. ಅವನು ಹೆಂಡತಿಯ ಮುಖ ನೋಡಲಿಲ್ಲ. ಅಕ್ಕನನ್ನು ಸುಡುವುದಕ್ಕೆ ಅವನು ಹಾಕಿದ್ದ ಸಹಿಯನ್ನು ಡೆಬ್ರಾ ಹೊಡೆದುಹಾಕಿದಳು. ನಮ್ಮಲ್ಲಿ ಮಣ್ಣು ಮಾಡುವುದು ಅಂದೆ. ಆಗಲಿ ಅಂದಳು.

ಎಲ್ಲರೂ ಎದ್ದರು. ಡೆಬ್ರಾ ಒಂದೊಂದು ಕಾಗದ ಹಂಚಿದಳು. ಬಿರುಗಾಳಿಯ ವಾರದಲ್ಲಿ ಹೀಗೆ ಸತ್ತವರು ಇನ್ನೂ ಇದ್ದರಂತೆ, ಹೆಚ್ಚಿನವರು ಬೇರೆ ದೇಶದಿಂದ ಬಂದ ಬಡವರಂತೆ. ಮನೆಯೊಳಗೆ ಇದ್ದಿಲು ಹೊತ್ತಿಸಬೇಡಿ ಅಂತ ಎಷ್ಟೋ ಭಾಷೆಗಳಲ್ಲಿ ಬರೆದಿತ್ತು. ಕನ್ನಡ ಇರಲಿಲ್ಲ, ಚಿತ್ರ ಇತ್ತು. ಅದನ್ನು ಕೊಡುವಾಗ ಎಲ್ಲರಿಗೂ ಒಂದು ಪ್ರಶ್ನೆ ಕೇಳಬೇಕು ಅಂತ ಅವರಿಗೆ ನಿಯಮ. ನನ್ನನ್ನೂ ಕೇಳಿದಳು. ನೀವು ಎಲ್ಲಿ ಮಲಗುತ್ತೀರಿ?

ಗೆಸ್ಟ್ ರೂಮಿನಲ್ಲಿ ಅಂತ ವೆಂಕಟೇಶ ಇಂಗ್ಲಿಷಿನಲ್ಲಿ ಹೇಳಿದ. ಡೆಬ್ರಾ ಅವನತ್ತ ಕೈ ಎತ್ತಿ, ನನ್ನನ್ನೇ ನೋಡುತ್ತ ಕಾದಳು.

ಇಷ್ಟು ಹೊತ್ತು ಅಕ್ಕ ಎಲ್ಲಿ ಮಲಗಿದ್ದಳು ಅಂತ ಜಗಳ ಆಡಿದ್ದೆ. ನಾನೆಲ್ಲಿ ಮಲಗುತ್ತೇನೆ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಬಟ್ಟೆ ಒಗ್ಯೋ ಮಿಷನ್ ಪಕ್ಕ," ಅಂದೆ. "ಬಿಸ್ನೀರ್ ಕಾಯ್ಸೋ ಗ್ಯಾಸ್ ಹಂಡೆ ಕಾಲ್ದೆಸೆ. ಕಿಟಕಿ ಇಲ್ಲ. ಅದ್ನ ಬರ್ಯಕ್ಕೂ ಒಂದ್ ಸಾಲು ಐತಾ ನಿಮ್ ಕಾಗ್ದದಲ್ಲಿ? ಸಾಯಕ್ ಮುಂಚೆ ಬರ್ಯೋದು?"

ಫೋನಿನವಳು ಹೇಳಿದಳು. ಡೆಬ್ರಾ ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ನೋಡಿದಳು. ಅವಳ ಕಚೇರಿಯಲ್ಲಿ ಅಂಥದ್ದು ಇರಲಿಲ್ಲ.

ಹೊರಗೆ ಬಂದ ಮೇಲೆ ವೆಂಕಟೇಶ ಕಾರಿನ ಬಾಗಿಲು ತೆರೆದು, ಬನ್ನಿ ಅತ್ತೆ ಅಂತ ಕರೆದ. ನಾನು ಹತ್ತಲಿಲ್ಲ.